ಒಂದೇ ಗೆರೆಗೆ ಎರಡು ಉಷ್ಣಾಂಶ: ಸಾಫ್ಟ್‌ವೇರ್ ಯಾವುದನ್ನು ಹಿಡಿಯುತ್ತದೆ, ನಾವೇನು ಮಾಡಬೇಕು

ಶಿಡ್ಲಘಟ್ಟದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಒಂದು ರೀಲಿಂಗ್ ಘಟಕ ಇದೆ. ಬೆಳಗ್ಗೆ ಬಾಯ್ಲರ್ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ಬೀದಿಯೆಲ್ಲ ಬೆಂದ ಗೂಡಿನ ವಾಸನೆ. ನಾನು ಆ ವಾಸನೆಯಲ್ಲೇ ಬೆಳೆದವಳು. ಓದಿದ್ದು ಮೆಕ್ಯಾನಿಕಲ್. ಈಗ ಮಾಡುತ್ತಿರುವುದು ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿ, ಬೇಸಿನ್, ಪೈಪಿನ ಸ್ಟ್ಯಾಂಡ್ ಇಂಥವುಗಳ ಡಿಸೈನ್ ಕೆಲಸ.

ಹೋದ ವರ್ಷ ಆ ಘಟಕದ ಯಜಮಾನರು ಒಂದು ಪ್ರಶ್ನೆ ತಂದರು. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. "ನೋಡಮ್ಮಾ, ಗೂಡು ಬೇಯಿಸೋ ತೊಟ್ಟಿಗೂ ನೂಲು ತೆಗೆಯೋ ತೊಟ್ಟಿಗೂ ಒಂದೇ ತಳ ಹಾಕಿ, ಮಧ್ಯೆ ಒಂದು ತಗಡು ನಿಲ್ಲಿಸಿದರೆ ಖರ್ಚು ಕಮ್ಮಿ. ಆದರೆ ಆ ಕಡೆ ಬಿಸಿ ತಳದಲ್ಲೇ ಈ ಕಡೆ ಬಂದುಬಿಡುತ್ತಾ? ನೂಲಿನ ಕಡೆ ನೀರು ಕೈ ಇಡೋ ಹಾಗಿರಬೇಕು."

ಬೇಯಿಸುವ ಕಡೆ ನೀರು 95 ಡಿಗ್ರಿ, ನೂಲಿನ ಕಡೆ 45. ತಳ 6 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಪ್ಲೇಟ್, ಅಡ್ಡತಗಡಿನ ಉದ್ದ 30 ಸೆಂಟಿಮೀಟರ್. ನಾನು ಫ್ರೀಕ್ಯಾಡ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಬರೀ ತಳವನ್ನು ಬಿಡಿಸಿದೆ. ಅಡ್ಡತಗಡು ತೆಳ್ಳಗಿದೆ, ಅದು ಯಾಕೆ ಅಂತ ಬಿಟ್ಟುಬಿಟ್ಟೆ. ಹಾಗಾಗಿ ಅದರ ಮೂಲಕ ದಾಟುವ ಶಾಖ ಈ ಲೆಕ್ಕದಲ್ಲಿಲ್ಲ, ಇಲ್ಲಿರುವುದು ತಳದಲ್ಲಿ ಬರುವ ಶಾಖ ಮಾತ್ರ. ತಳದ ಮೇಲ್ಮುಖವನ್ನು ಎರಡು ಭಾಗ ಮಾಡಿ ಎಡಕ್ಕೆ 95, ಬಲಕ್ಕೆ 45 ಕೊಟ್ಟೆ. ಕೆಳಮುಖಕ್ಕೆ ಏನೂ ಕೊಡಲಿಲ್ಲ. ಏನೂ ಕೊಡದ ಮುಖದಿಂದ ಶಾಖ ದಾಟುವುದಿಲ್ಲ ಅಂತಲೇ ಸಾಲ್ವರ್, ಅಂದರೆ ಲೆಕ್ಕ ಮಾಡುವ ಪ್ರೋಗ್ರಾಂ, ತಿಳಿಯುತ್ತದೆ. ರನ್ ಮಾಡಿದೆ. ಯಾವ ಎಚ್ಚರಿಕೆಯೂ ಬರಲಿಲ್ಲ. ಬಿಸಿ ಕಡೆಯಿಂದ ತಣ್ಣಗಿನ ಕಡೆಗೆ ಸುಮಾರು 180 ವ್ಯಾಟ್ ಹೋಗುತ್ತಿದೆ ಅಂತ ಉತ್ತರ ಬಂತು. ಅದನ್ನೇ ಅಣ್ಣನಿಗೆ ಹೇಳಿಬಿಟ್ಟೆ.

ಲೆಕ್ಕಕ್ಕಾಗಿ ಸಾಫ್ಟ್‌ವೇರ್ ತಳವನ್ನು ಎಲಿಮೆಂಟ್ ಅನ್ನುವ ಸಣ್ಣ ತುಂಡುಗಳಾಗಿ ಕತ್ತರಿಸುತ್ತದೆ, ಆ ಜಾಲವೇ ಮೆಶ್. ಅವತ್ತು ರಾತ್ರಿ ಮೆಶ್ ಸ್ವಲ್ಪ ಸಣ್ಣದು ಮಾಡಿ ನೋಡೋಣ ಅನಿಸಿತು. 2 ಮಿಲಿಮೀಟರ್ ಇದ್ದದ್ದನ್ನು 1 ಮಾಡಿದೆ. 230 ದಾಟಿತು. ಅರ್ಧ ಮಿಲಿಮೀಟರ್ ಮಾಡಿದೆ. 285ರ ಹತ್ತಿರ ಬಂತು. ಮೆಶ್ ಸಣ್ಣದಾದಂತೆ ಉತ್ತರ ಒಂದು ಕಡೆ ನಿಲ್ಲಬೇಕು ಅಲ್ವಾ? ಇದು ಪ್ರತಿ ಸಲ 53 ವ್ಯಾಟ್‌ನಷ್ಟು ಮೇಲಕ್ಕೇ ಹೋಗುತ್ತಿತ್ತು.

ತಪ್ಪು ಎಲ್ಲಿತ್ತು ಅಂತ ಹುಡುಕಿದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಥರ್ಮಲ್ ಸಿಮ್ಯುಲೇಷನ್ ಮಾಡುವ ಯಾರಿಗಾದರೂ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ.

ಜಗಳ ಎಲ್ಲಿದೆ ಅಂತ ಕಣ್ಣಾರೆ ನೋಡಿ

ಎರಡು ಮುಖಗಳು ಸೇರುವ ಗೆರೆಯ ಮೇಲೆ ನೋಡ್‌ಗಳಿರುತ್ತವೆ, ಅಂದರೆ ಮೆಶ್‌ನ ತುಂಡುಗಳು ಕೂಡುವ ಬಿಂದುಗಳು. ಆ ನೋಡ್‌ಗಳು ಎಡ ಮುಖಕ್ಕೂ ಸೇರಿವೆ, ಬಲ ಮುಖಕ್ಕೂ ಸೇರಿವೆ. ನೋಡ್ ಒಂದಕ್ಕೆ ಉಷ್ಣಾಂಶ ಒಂದೇ. ಅದು 95 ಆಗಬೇಕೋ 45 ಆಗಬೇಕೋ?

ಇದನ್ನು ಪರದೆಯ ಬಣ್ಣದಲ್ಲಿ ಹುಡುಕಬೇಡಿ, ಬಣ್ಣ ಎಲ್ಲವನ್ನೂ ಚಂದ ಮಾಡಿ ತೋರಿಸುತ್ತದೆ. ಸಾಲ್ವರ್ ಓದುವ ಫೈಲನ್ನೇ ತೆರೆಯಿರಿ. ಫ್ರೀಕ್ಯಾಡ್ ಒಳಗೆ ಸಾಮಾನ್ಯವಾಗಿ ಲೆಕ್ಕ ಮಾಡುವುದು ಕ್ಯಾಲ್ಕ್ಯುಲಿಕ್ಸ್ ಅನ್ನುವ ಸಾಲ್ವರ್. ಅದರ ಕಿಟಕಿಯಲ್ಲಿ ಐಎನ್‌ಪಿ ಫೈಲ್ ಬರೆಯುವ ಬಟನ್ ಇದೆ, ತಿದ್ದುವ ಬಟನ್ ಕೂಡ ಇದೆ. ತೆರೆದರೆ ನೀವು ಕೊಟ್ಟ ಪ್ರತಿ ಉಷ್ಣಾಂಶಕ್ಕೂ ಒಂದು ನೋಡ್ ಪಟ್ಟಿ ಕಾಣುತ್ತದೆ, ಸಾಲಿಗೊಂದು ನಂಬರ್. ಕೆಳಗೆ ಹೋದರೆ ಬೌಂಡರಿ ಅನ್ನುವ ಪದದ ಅಡಿ ಪಟ್ಟಿಯ ಹೆಸರು, ಆಮೇಲೆ 11, 11, ಕೊನೆಗೆ 368.15. ಇಲ್ಲಿ 11 ಅಂದರೆ ಉಷ್ಣಾಂಶ. 368.15 ಅಂದರೆ ನಮ್ಮ 95 ಡಿಗ್ರಿಯೇ, ಕೆಲ್ವಿನ್‌ನಲ್ಲಿ. ಇನ್ನೊಂದು ಪಟ್ಟಿಯ ಮುಂದೆ 318.15.

ಈಗ ಮಾಡೆಲ್‌ನಲ್ಲಿ ಆ ಗೆರೆಯ ಮೇಲಿನ ಒಂದು ನೋಡ್‌ನ ನಂಬರ್ ನೋಡಿಕೊಳ್ಳಿ. ಫೈಲ್‌ನಲ್ಲಿ ಆ ನಂಬರ್ ಹುಡುಕಿ. ಎರಡೂ ಪಟ್ಟಿಯಲ್ಲಿ ಸಿಕ್ಕಿತಾ? ಹಾಗಾದರೆ ಜಗಳ ಅಲ್ಲೇ ಇದೆ. ನನಗೆ ಮೊದಲ ಸಲ ಹಾಗೆ ಸಿಕ್ಕಾಗ ಎರಡು ಸಾಲುಗಳನ್ನೂ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡಿದ್ದೆ. ಇಷ್ಟು ಸರಳವಾದ ವಿಷಯ ಯಾವ ಕ್ಲಾಸಿನಲ್ಲೂ ಯಾರೂ ತೋರಿಸಿರಲಿಲ್ಲ.

ಸಾಲ್ವರ್ ಹೇಗೆ ತೀರ್ಮಾನ ಮಾಡುತ್ತದೆ

ಅದು ಆ ಸಾಫ್ಟ್‌ವೇರ್ ಉಷ್ಣಾಂಶವನ್ನು ಯಾವ ರೀತಿ ಕೂರಿಸುತ್ತದೆ ಅನ್ನುವುದರ ಮೇಲೆ ನಿಂತಿದೆ. ಹೆಚ್ಚಿನ ಕಡೆ ಆ ನೋಡ್‌ನ ಸಮೀಕರಣವನ್ನೇ ತೆಗೆದು, ಅದರ ಜಾಗದಲ್ಲಿ ನಾವು ಕೊಟ್ಟ ಅಂಕೆ ಇಡುತ್ತಾರೆ. ಆಗ ಕೊನೆಗೆ ಓದಿದ ಅಂಕೆ ಮೊದಲಿನದನ್ನು ಅಳಿಸಿ ಕೂರುತ್ತದೆ. ಕ್ಯಾಲ್ಕ್ಯುಲಿಕ್ಸ್ ನಡೆಯುವುದು ಹೀಗೆ. ಆನ್ಸಿಸ್‌ನ ಹಳೆಯ ಕಮಾಂಡ್ ಶೈಲಿಯಲ್ಲೂ ಒಂದು ನೋಡ್‌ಗೆ ಎರಡನೇ ಸಲ ಕೊಟ್ಟದ್ದು ಮೊದಲನೆಯದರ ಜಾಗಕ್ಕೆ ಬರುತ್ತದೆ. ಕಾಮ್‌ಸೋಲ್‌ನಲ್ಲಿ ಒಂದೇ ಮುಖಕ್ಕೆ ಎರಡು ಸಲ ಉಷ್ಣಾಂಶ ಕೊಟ್ಟರೆ ಪಟ್ಟಿಯಲ್ಲಿ ಕೆಳಗಿರುವುದು ಗೆಲ್ಲುತ್ತದೆ, ಮೇಲಿನದು ಅದರಡಿ ಮುಚ್ಚಿಹೋಗಿದೆ ಅಂತ ಗುರುತೂ ತೋರಿಸುತ್ತದೆ. ಇದು ಒಳ್ಳೆಯ ವ್ಯವಸ್ಥೆ, ಕನಿಷ್ಠ ಕಣ್ಣಿಗೆ ಕಾಣುತ್ತದೆ.

ಇನ್ನು ಕೆಲವು ಕಡೆ ಪೆನಾಲ್ಟಿ ವಿಧಾನ ಇರುತ್ತದೆ. ನೋಡನ್ನು ಆ ಉಷ್ಣಾಂಶದ ಕಡೆಗೆ ತುಂಬಾ ಗಟ್ಟಿಯಾಗಿ ಎಳೆಯುವ ಹಾಗೆ ಲೆಕ್ಕದಲ್ಲಿ ಒಂದು ದೊಡ್ಡ ಸಂಖ್ಯೆ ಸೇರಿಸುತ್ತಾರೆ. ಎರಡೂ ಕಡೆ ಒಂದೇ ಬಲದಲ್ಲಿ ಎಳೆದರೆ ನೋಡ್ ನಡುವೆ ಬಂದು ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ 70 ಡಿಗ್ರಿ. ಲಗ್ರಾಂಜ್ ಗುಣಕದ ವಿಧಾನವಾದರೆ 95 ಆಗು, 45 ಆಗು ಅನ್ನುವ ಎರಡು ಸಮೀಕರಣಗಳು ಒಟ್ಟಿಗೆ ನಿಲ್ಲಲಾರವು. ಮ್ಯಾಟ್ರಿಕ್ಸ್ ಬಿಡಿಸಲಾಗದೆ ಲೆಕ್ಕ ನಿಂತೇ ಹೋಗಬಹುದು. ನನ್ನ ಪ್ರಕಾರ ಇದೇ ಎಷ್ಟೋ ಒಳ್ಳೆಯದು. ನಿಂತುಹೋದ ಲೆಕ್ಕ ಯಾರಿಗೂ ತಪ್ಪು ಉತ್ತರ ಕೊಡುವುದಿಲ್ಲ.

ನಿಮ್ಮ ಸಾಫ್ಟ್‌ವೇರ್ ಯಾವ ಜಾತಿಯದು ಅಂತ ತಿಳಿಯಲು ಕೈಪಿಡಿ ಓದುವುದಕ್ಕಿಂತ ಒಂದು ಚಿಕ್ಕ ಪರೀಕ್ಷೆ ಮಾಡಿ. ಒಂದು ಸಾದಾ ಚೌಕ ಬಿಡಿಸಿ, ಅಕ್ಕಪಕ್ಕದ ಎರಡು ಬದಿಗೆ 100 ಮತ್ತು 0 ಕೊಡಿ, ಮೂಲೆಯ ನೋಡ್‌ನ ಉಷ್ಣಾಂಶ ಓದಿ. ಆಮೇಲೆ ಎರಡರ ಕ್ರಮ ಅದಲು ಬದಲು ಮಾಡಿ ಮತ್ತೆ ಓದಿ. ಉತ್ತರ ಬದಲಾದರೆ ಅಲ್ಲಿ ನಡೆಯುವುದು ಕ್ರಮದ ಆಟ. 50 ಬಂದರೆ ಸರಾಸರಿ. ಇದಕ್ಕೆ ಐದು ನಿಮಿಷ ಸಾಕು. ಹೊಸ ವರ್ಷನ್ ಹಾಕಿದಾಗಲೆಲ್ಲ ನಾನು ಇದನ್ನು ಮಾಡುತ್ತೇನೆ.

ಆದರೆ ಯಾವುದು ಗೆದ್ದರೂ ನನ್ನ ಸಮಸ್ಯೆ ಬಗೆಹರಿಯಲಿಲ್ಲ

ನೋಡ್‌ಗೆ 95 ಇಟ್ಟೆ, 45 ಇಟ್ಟೆ, 70 ಇಟ್ಟೆ. ಮೂರು ಸಲವೂ ಮೆಶ್ ಸಣ್ಣದು ಮಾಡಿದಾಗ ವ್ಯಾಟ್ ಏರುತ್ತಲೇ ಹೋಯಿತು. ಅಂದರೆ ಸಾಫ್ಟ್‌ವೇರ್ ಯಾರನ್ನು ಗೆಲ್ಲಿಸಿತು ಅನ್ನುವುದಲ್ಲ ಪ್ರಶ್ನೆ. ನಾನು ಕೇಳಿದ ಲೆಕ್ಕವೇ ನಡೆಯಲಾರದ್ದು.

ಯಾಕೆ ಅಂತ ನೋಡಿ. ಗೆರೆಯ ಈಚೆ 95, ಆಚೆ 45, ನಡುವೆ ಅಂತರವೇ ಇಲ್ಲ. 50 ಡಿಗ್ರಿ ವ್ಯತ್ಯಾಸ ಸೊನ್ನೆ ದೂರದಲ್ಲಿ ಇಳಿಯಬೇಕು. ಶಾಖ ಹರಿಯುವುದು ವ್ಯತ್ಯಾಸವನ್ನು ದೂರದಿಂದ ಭಾಗಿಸಿದಂತೆ. ಚಪ್ಪಟೆ ಮುಖದ ಮೇಲೆ ಹೀಗೆ ಎರಡು ಉಷ್ಣಾಂಶ ಸೇರಿದರೆ, ಗೆರೆಯಿಂದ ಒಂದು ದೂರದಲ್ಲಿ ಹೀಟ್ ಫ್ಲಕ್ಸ್ (ಒಂದು ಚದರ ಮೀಟರಿನಲ್ಲಿ ದಾಟುವ ವ್ಯಾಟ್) ಎಷ್ಟು ಅಂತ ಕೈಯಲ್ಲೇ ಲೆಕ್ಕ ಹಾಕಬಹುದು: ಲೋಹದ ವಾಹಕತೆಯನ್ನು ಉಷ್ಣಾಂಶದ ವ್ಯತ್ಯಾಸದಿಂದ ಗುಣಿಸಿ, ಪೈ ಮತ್ತು ಆ ದೂರ ಎರಡರಿಂದಲೂ ಭಾಗಿಸಿ. ಸ್ಟೇನ್‌ಲೆಸ್‌ಗೆ ವಾಹಕತೆ 16 ಅಂತ ಹಿಡಿದರೆ 1 ಮಿಲಿಮೀಟರ್ ದೂರದಲ್ಲಿ ಚದರ ಮೀಟರಿಗೆ ಸುಮಾರು ಎರಡೂವರೆ ಲಕ್ಷ ವ್ಯಾಟ್. 0.1 ಮಿಲಿಮೀಟರ್ ದೂರದಲ್ಲಿ 25 ಲಕ್ಷ. ಇನ್ನೂ ಹತ್ತಿರ ಹೋದರೆ ಇನ್ನೂ ಜಾಸ್ತಿ, ಮಿತಿಯೇ ಇಲ್ಲ.

ಇದನ್ನೆಲ್ಲ ಕೂಡಿಸಿದರೆ ಬರುವ ಒಟ್ಟು ಶಾಖಕ್ಕೂ ಮಿತಿ ಇಲ್ಲ. ಮೆಶ್ ಅರ್ಧ ಮಾಡಿದಾಗಲೆಲ್ಲ ಮೀಟರ್ ಉದ್ದಕ್ಕೆ 176 ವ್ಯಾಟ್ ಸೇರುತ್ತಾ ಹೋಗುತ್ತದೆ. ನನ್ನ 30 ಸೆಂಟಿಮೀಟರ್ ಅಡ್ಡತಗಡಿಗೆ ಅದು 53. ನನ್ನನ್ನು ಕಾಡಿದ 53 ಇದೇ. ಆ ರಾತ್ರಿ ಕೈಲೆಕ್ಕದಲ್ಲೂ ಅದೇ ಅಂಕೆ ಬಂದಾಗ ಮನಸ್ಸಿಗೆ ಎಷ್ಟು ಸಮಾಧಾನ ಆಯಿತು ಅಂದರೆ, ಹನ್ನೊಂದು ಗಂಟೆಗೆ ಎದ್ದು ಟೀ ಮಾಡಿಕೊಂಡೆ.

ಹಾಗಾಗಿ ಮೆಶ್ ಪರೀಕ್ಷೆಯನ್ನು ಎಂದೂ ಬಿಡಬೇಡಿ. ಮೂರು ಮೆಶ್, ಒಂದೊಂದೂ ಹಿಂದಿನದರ ಅರ್ಧ. ಉತ್ತರ ಒಂದು ಕಡೆ ನಿಂತರೆ ಸರಿ. ಪ್ರತಿ ಸಲ ಒಂದೇ ಅಳತೆಯಲ್ಲಿ ಏರುತ್ತಿದ್ದರೆ ಎಲ್ಲೋ ಎರಡು ಉಷ್ಣಾಂಶಗಳು ಅಂಟಿಕೊಂಡಿವೆ ಅಂತ ತಿಳಿಯಿರಿ.

ಪರಿಹಾರ: ನೀರು ಲೋಹಕ್ಕೆ ಏನು ಮಾಡುತ್ತದೆ ಅಂತ ಕೇಳಿ

ನಾನು ಬರೆದದ್ದು "ಈ ಮುಖ 95 ಡಿಗ್ರಿ" ಅಂತ. ನಿಜವಾಗಿ 95 ಇರುವುದು ನೀರು, ಲೋಹ ಅಲ್ಲ. ನೀರಿನಿಂದ ಲೋಹಕ್ಕೆ ಶಾಖ ದಾಟಲು ಒಂದಿಷ್ಟು ತಡೆ ಇದೆ. ಅಡ್ಡತಗಡಿನ ಬುಡದಲ್ಲಿ ಲೋಹ 95 ಕೂಡ ಇರುವುದಿಲ್ಲ, 45 ಕೂಡ ಇರುವುದಿಲ್ಲ.

ಇದನ್ನು ಹೇಳುವ ರೀತಿಯೇ ಕನ್ವೆಕ್ಷನ್ ಷರತ್ತು. ನೀರಿನ ಉಷ್ಣಾಂಶ ಒಂದು, ಫಿಲ್ಮ್ ಕೋಎಫಿಷಿಯೆಂಟ್ (ನೀರಿಗೂ ಲೋಹಕ್ಕೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ ದಾಟುವ ವ್ಯಾಟ್) ಒಂದು, ಈ ಎರಡನ್ನು ಕೊಡುತ್ತೇವೆ. ಲೋಹದ ಉಷ್ಣಾಂಶ ಎಷ್ಟು ಅನ್ನುವುದನ್ನು ಸಾಲ್ವರ್ ಕಂಡುಹಿಡಿಯುತ್ತದೆ. ಮುಖ್ಯವಾದ ಮಾತು ಏನೆಂದರೆ, ಕನ್ವೆಕ್ಷನ್ ನೋಡ್‌ಗೆ ಅಂಕೆ ಹೇರುವುದಿಲ್ಲ, ಮುಖದ ಮೇಲೆ ಶಾಖ ಕೂಡಿಸುತ್ತದೆ ಅಷ್ಟೆ. ಗೆರೆಯ ಮೇಲಿನ ನೋಡ್ ಎಡದಿಂದ ಸ್ವಲ್ಪ ತೆಗೆದುಕೊಳ್ಳುತ್ತದೆ, ಬಲಕ್ಕೆ ಸ್ವಲ್ಪ ಕೊಡುತ್ತದೆ. ಜಗಳವೇ ಇಲ್ಲ.

ಎರಡೂ ಕಡೆ ಕೋಎಫಿಷಿಯೆಂಟ್ 800 ಹಾಕಿದೆ, ಕದಡದ ಬಿಸಿನೀರಿಗೆ ಹತ್ತಿರದ ಅಂಕೆ. ಈಗ ನೀರಿಗೂ ಲೋಹಕ್ಕೂ ನಡುವೆ ದಾಟುವ ಫ್ಲಕ್ಸ್ ಎಲ್ಲೇ ಆದರೂ 800 ಗುಣಿಸು 50, ಅಂದರೆ 40 ಸಾವಿರ ದಾಟಲು ಸಾಧ್ಯವೇ ಇಲ್ಲ. 25 ಲಕ್ಷ ಎಲ್ಲಿ, 40 ಸಾವಿರ ಎಲ್ಲಿ. ಮೆಶ್ 2, 1, ಅರ್ಧ ಅಂತ ಇಳಿಸಿದೆ. ಒಟ್ಟು ಶಾಖ 65 ವ್ಯಾಟ್‌ನ ಹತ್ತಿರ ಬಂದು ಅಲ್ಲಾಡದೆ ನಿಂತಿತು. ತಳವನ್ನು ಉದ್ದನೆಯ ಫಿನ್ (ಒಂದು ತುದಿಯಿಂದ ಬಿಸಿ ಹರಿದು ಬದಿಯಿಂದ ಹೊರಹೋಗುವ ಪಟ್ಟಿ) ಅಂತ ಹಿಡಿದು ಕೈಲೆಕ್ಕ ಮಾಡಿದಾಗ ಬಂದದ್ದು 66.

ಅಣ್ಣನ ಪ್ರಶ್ನೆಗೆ ಇದರ ಅರ್ಥ ದೊಡ್ಡದು. ನೂಲಿನ ತೊಟ್ಟಿಯಲ್ಲಿ 30 ಲೀಟರ್ ನೀರಿದೆ ಅಂದುಕೊಳ್ಳಿ. ಬೇರೆ ಕಡೆ ಶಾಖ ಹೋಗದಿದ್ದರೆ 285 ವ್ಯಾಟ್ ಆ ನೀರನ್ನು ಗಂಟೆಗೆ 8 ಡಿಗ್ರಿ ಏರಿಸುತ್ತದೆ. 65 ವ್ಯಾಟ್ ಏರಿಸುವುದು 2 ಡಿಗ್ರಿಗಿಂತ ಕಡಿಮೆ, ಅದು ತೆರೆದ ನೀರಿನ ಮೇಲಿಂದ ಗಾಳಿಗೇ ಹೋಗುತ್ತದೆ. ಮೊದಲ ಲೆಕ್ಕ ನಂಬಿದ್ದರೆ ತಳ ಕತ್ತರಿಸಿ ಎರಡು ಮಾಡಿ ಅಂತ ಹೇಳುತ್ತಿದ್ದೆ. ವೆಲ್ಡಿಂಗ್, ತಗಡು, ಕೂಲಿ ಎಲ್ಲ ಸುಮ್ನೆ ದಂಡ.

ಎಲ್ಲ ಕಡೆಯೂ ಕನ್ವೆಕ್ಷನ್ ಬೇಕಾಗಿಲ್ಲ. ಎರಡರಲ್ಲಿ ಒಂದನ್ನು ಬದಲಿಸಿದರೂ ಜಗಳ ಮುಗಿಯುತ್ತದೆ. ಸ್ಟೀಮ್ ನೀರಾಗುತ್ತಾ ಲೋಹಕ್ಕೆ ಶಾಖ ಕೊಡುವ ಕಡೆ ತಡೆ ತುಂಬಾ ಕಡಿಮೆ, ಅಲ್ಲಿ ಉಷ್ಣಾಂಶವನ್ನೇ ಕೊಟ್ಟರೂ ನಡೆಯುತ್ತದೆ. ಇನ್ನೊಂದು ದಾರಿ, ಬಿಟ್ಟುಬಿಟ್ಟಿದ್ದ ಅಡ್ಡತಗಡನ್ನು ಮಾಡೆಲ್‌ಗೆ ಸೇರಿಸುವುದು. ಆಗ ಎರಡು ನೀರಿನ ನಡುವೆ ತಗಡಿನ ದಪ್ಪದಷ್ಟು ಜಾಗ ಬರುತ್ತದೆ, ಉಷ್ಣಾಂಶ ಇಳಿಯಲು ಅಲ್ಲಿ ಅವಕಾಶ ಸಿಗುತ್ತದೆ.

ಇದರ ಜೊತೆಗೆ ಒಂದು ಮಾತು. ಕುದಿಯುವ ನೀರು ಅಂದ ತಕ್ಷಣ 100 ಅಂತ ಹಾಕಬೇಡಿ. ಶಿಡ್ಲಘಟ್ಟ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ನಮ್ಮ ನೀರು ಕುದಿಯುವುದೇ 97 ಡಿಗ್ರಿ ಆಸುಪಾಸು.

ಉಷ್ಣಾಂಶಕ್ಕೂ ಹೀಟ್ ಫ್ಲಕ್ಸ್‌ಗೂ ಜಗಳ ಬಂದರೆ

ಇಲ್ಲಿ ತೀರ್ಪು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ಉಷ್ಣಾಂಶ ಗೆಲ್ಲುತ್ತದೆ. ನೋಡ್‌ನ ಉಷ್ಣಾಂಶ ಮೊದಲೇ ಗೊತ್ತು ಅಂದಮೇಲೆ ಅಲ್ಲಿಗೆ ಸುರಿದ ಶಾಖ ಅದನ್ನು ಬದಲಿಸಲಾರದು. ಆ ಶಾಖ ಲೋಹದ ಒಳಗೆ ಹೋಗದೆ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಒಂದೇ ಮುಖಕ್ಕೆ ಎರಡನ್ನೂ ಕೊಟ್ಟರೆ ಫ್ಲಕ್ಸ್ ಕೊಟ್ಟದ್ದು ವ್ಯರ್ಥ.

ಮೋಸ ಹೋಗುವುದು ಅಕ್ಕಪಕ್ಕದ ಮುಖಗಳಲ್ಲಿ. ಹೀಟರ್ ಅಂಟಿಸಿದ ಮುಖಕ್ಕೆ ಫ್ಲಕ್ಸ್, ಪಕ್ಕದ್ದಕ್ಕೆ ಉಷ್ಣಾಂಶ. ಫ್ಲಕ್ಸ್ ಮುಖದ ಅಗಲಕ್ಕೆ 10 ಎಲಿಮೆಂಟ್ ಇದ್ದರೆ, ಸರಳ ಎಲಿಮೆಂಟ್‌ಗಳಲ್ಲಿ ಕೊನೆಯ ಎಲಿಮೆಂಟಿನ ಅರ್ಧ ಶಾಖ ಆ ಗೆರೆಯ ನೋಡ್‌ಗಳ ಪಾಲಿಗೆ ಬರುತ್ತದೆ. ಅದು ಒಟ್ಟಿನ ನೂರಕ್ಕೆ 5. ಅಷ್ಟು ಶಾಖ ಲೋಹಕ್ಕೆ ತಲುಪುವುದೇ ಇಲ್ಲ. ಮೆಶ್ ಸಣ್ಣದು ಮಾಡಿದರೆ ಈ ಪಾಲು ಕರಗುತ್ತಾ ಹೋಗುತ್ತದೆ. ಇದು ಮೊದಲಿನ ಹಾಗೆ ಮಿತಿ ಇಲ್ಲದ ಕಾಯಿಲೆಯಲ್ಲ.

ಎರಡು ಕನ್ವೆಕ್ಷನ್ ಒಂದೇ ಮುಖದ ಮೇಲೆ ಬಿದ್ದರೆ ಕೆಲವು ಸಾಫ್ಟ್‌ವೇರ್ ಕೂಡಿಸುತ್ತವೆ, ಕೆಲವು ಹಳೆಯದನ್ನು ಅಳಿಸುತ್ತವೆ. ಕನ್ವೆಕ್ಷನ್ ಜೊತೆ ರೇಡಿಯೇಷನ್ ಬೇಕಾದಾಗ ಕೂಡಿಸುವುದೇ ಸರಿ. ಆದರೆ "ಹೊರಗಿನ ಎಲ್ಲ ಮುಖ" ಅಂತ ಒಮ್ಮೆ ಆರಿಸಿ, ಆಮೇಲೆ ಮೇಲ್ಮುಖಕ್ಕೆ ಬೇರೆಯಾಗಿ ಇನ್ನೊಮ್ಮೆ ಕೊಟ್ಟರೆ ಗಾಳಿ ಎರಡು ಸಲ ಬೀಸಿದ ಹಾಗೆ. ಎಲ್ಲ ಮುಖ ಅನ್ನುವ ಆಯ್ಕೆಯನ್ನು ನಾನು ಬಳಸುವುದೇ ಬಿಟ್ಟಿದ್ದೇನೆ. ಒಂದೊಂದು ಮುಖವನ್ನೂ ಕೈಯಾರೆ ಆರಿಸುತ್ತೇನೆ.

ಜಾಗವನ್ನು ಸಣ್ಣ ಕೋಶಗಳಾಗಿ ಹಂಚಿ ಪ್ರತಿ ಕೋಶದ ಜಮಾ ಖರ್ಚು ನೋಡುವ ಫೈನೈಟ್ ವಾಲ್ಯೂಮ್ ವಿಧಾನ ಬಳಸುವ ಓಪನ್‌ಫೋಮ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಷರತ್ತು ನೋಡ್‌ಗಲ್ಲ, ಪ್ರತಿ ಸಣ್ಣ ಮುಖಕ್ಕೆ ಅಂಟಿರುತ್ತದೆ. ಹಾಗಾಗಿ ಯಾರು ಗೆದ್ದರು ಅನ್ನುವ ಪ್ರಶ್ನೆ ಏಳುವುದಿಲ್ಲ. ಆದರೆ 95ರ ಪಕ್ಕ 45 ಇಟ್ಟರೆ ಮೆಶ್ ಜೊತೆ ಶಾಖ ಏರುವುದು ಅಲ್ಲೂ ತಪ್ಪುವುದಿಲ್ಲ.

ಮೊದಲ ಕ್ಷಣದ ಜಗಳ

ಕಾಲದ ಜೊತೆ ಬದಲಾಗುವ ಲೆಕ್ಕದಲ್ಲಿ ಇನ್ನೊಂದಿದೆ. ಇಡೀ ಪ್ಲೇಟ್ 25 ಡಿಗ್ರಿ ಅಂತ ಆರಂಭದ ಉಷ್ಣಾಂಶ ಕೊಡುತ್ತೇವೆ. ಅದೇ ಕ್ಷಣ ಮುಖಕ್ಕೆ 95 ಅನ್ನುತ್ತೇವೆ. ಟೈಮ್ ಸ್ಟೆಪ್, ಅಂದರೆ ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಕಾಲ, ತುಂಬಾ ಚಿಕ್ಕದಾದರೆ ಒಳಗೆಲ್ಲೋ 22, 21 ಡಿಗ್ರಿ ಕಾಣಿಸುತ್ತದೆ. ಬಿಸಿನೀರು ಮುಟ್ಟಿದ ಪ್ಲೇಟ್ ತಣ್ಣಗಾಗುವುದುಂಟೆ? ಸ್ಟೆಪ್‌ನ ಕೆಳಮಿತಿ ಲೆಕ್ಕ ಹೀಗಿದೆ: ಸಾಂದ್ರತೆ, ವಿಶಿಷ್ಟ ಶಾಖ, ಎಲಿಮೆಂಟ್ ಅಳತೆಯ ವರ್ಗ ಮೂರನ್ನೂ ಗುಣಿಸಿ, ವಾಹಕತೆಯ ಆರು ಪಟ್ಟಿನಿಂದ ಭಾಗಿಸಿ. ಸ್ಟೇನ್‌ಲೆಸ್‌ಗೆ 8000, 500, 16 ಹಿಡಿದು 1 ಮಿಲಿಮೀಟರ್ ಎಲಿಮೆಂಟಿಗೆ ನೋಡಿದರೆ ಸುಮಾರು 0.04 ಸೆಕೆಂಡ್. ಅದಕ್ಕಿಂತ ಕೆಳಗೆ ಇಳಿಯಬೇಡಿ, ಇಳಿಯಲೇಬೇಕಾದರೆ ಮೆಶ್ ಕೂಡ ಸಣ್ಣದು ಮಾಡಿ. ಇನ್ನೂ ಒಳ್ಳೆಯದು, 95ನ್ನು ಕೆಲವು ಸೆಕೆಂಡ್‌ಗಳಲ್ಲಿ ಮೆಲ್ಲಗೆ ಏರಿಸಿ. ತೊಟ್ಟಿಗೆ ನೀರು ಸುರಿದಾಗ ತಳವೆಲ್ಲ ಒಂದೇ ಕ್ಷಣದಲ್ಲಿ ಬಿಸಿಯಾಗುವುದಿಲ್ಲ ಅಲ್ವಾ.

ಸ್ಟೆಡಿ ಲೆಕ್ಕದಲ್ಲಿ, ಅಂದರೆ ಕಾಲದ ಜೊತೆ ಏನೂ ಬದಲಾಗದ ಲೆಕ್ಕದಲ್ಲಿ, ಬರೀ ಫ್ಲಕ್ಸ್‌ಗಳನ್ನೇ ಕೊಟ್ಟು, ಎಲ್ಲೂ ಉಷ್ಣಾಂಶವನ್ನಾಗಲಿ ಕನ್ವೆಕ್ಷನ್ ಅನ್ನಾಗಲಿ ಕೊಡದಿದ್ದರೆ ಅದೂ ನಡೆಯುವುದಿಲ್ಲ. ಒಳಗೆ ಬಂದದ್ದು ಹೊರಗೆ ಹೋಗದೆ ಇದ್ದರೆ ಸ್ಟೆಡಿ ಅನ್ನುವ ಸ್ಥಿತಿಯೇ ಇಲ್ಲ.

ಕೊನೆಗೆ ಎರಡು ಪರೀಕ್ಷೆ

ಒಂದು, ಶಾಖದ ಜಮಾ ಖರ್ಚು. ಪ್ರತಿ ಮುಖದಿಂದ ಎಷ್ಟು ಬಂತು, ಎಷ್ಟು ಹೋಯಿತು ಅಂತ ಬರೆದು ಕೂಡಿ. ಕ್ಯಾಲ್ಕ್ಯುಲಿಕ್ಸ್‌ನಲ್ಲಿ ಉಷ್ಣಾಂಶ ಕೊಟ್ಟ ನೋಡ್‌ಗಳ ಶಾಖ ಬರೆಸಲು ಆರ್‌ಎಫ್‌ಎಲ್, ಮುಖಗಳದ್ದಕ್ಕೆ ಸೆಕ್ಷನ್ ಪ್ರಿಂಟ್ ಅನ್ನುವ ಆಯ್ಕೆಗಳಿವೆ. ಆದರೆ ಒಂದು ಎಚ್ಚರ: ನನ್ನ ತಪ್ಪು ಲೆಕ್ಕದಲ್ಲೂ ಜಮಾ ಖರ್ಚು ಸರಿಯಾಗೇ ಇತ್ತು. 285 ಬಂತು, 285 ಹೋಯಿತು. ಅದಕ್ಕೇ ಮೆಶ್ ಪರೀಕ್ಷೆ ಇಲ್ಲದೆ ಇದೊಂದನ್ನೇ ನಂಬಬೇಡಿ.

ಎರಡು, ಸಾಧ್ಯವಾದರೆ ಅಳೆಯಿರಿ. ಅಣ್ಣ ಒಂದೇ ತಳವನ್ನೇ ಹಾಕಿಸಿದರು. ಕೆಲಸ ಶುರುವಾದ ವಾರ ನಾನು ಥರ್ಮೋಕಪಲ್ ತೆಗೆದುಕೊಂಡು ಹೋಗಿ ತಳದ ಕೆಳಗೆ ಮಲಗಿ ಅಳೆದೆ. ಅಡ್ಡತಗಡಿನ ನೇರಕ್ಕೆ 68 ಡಿಗ್ರಿ. ನೂಲಿನ ಕಡೆಗೆ 25 ಮಿಲಿಮೀಟರ್ ಸರಿದರೆ 48. ನನ್ನ ಮಾಡೆಲ್ ಹೇಳಿದ್ದು 70 ಮತ್ತು 47.5. ಮೇಲೆ ನೂಲು ತೆಗೆಯುತ್ತಿದ್ದ ಅಮ್ಮ ನೀರಿನೊಳಗೆ ಕೈ ಇಳಿಸಿ ತಳ ಮುಟ್ಟಿ ನೋಡಿದರು. "ತಗಡಿನ ಪಕ್ಕ ಒಂದು ಬೆರಳಗಲ ಬಿಸಿ ಇದೆ ಕಣೇ, ಆಮೇಲೆ ಏನಿಲ್ಲ" ಅಂದರು.